ರೊಟ್ಟಿ ಅಂಗಡಿಗೊಂದು ಆ್ಯಪ್: ಕಟ್ಟಿದ್ದು, ಕೆಟ್ಟಿದ್ದು, ಖರ್ಚಾಗಿದ್ದು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮ ಅತ್ತಿಗೆಯ ರೊಟ್ಟಿ ಅಂಗಡಿ ಇದೆ. ಬಿಸಿ ಜೋಳದ ರೊಟ್ಟಿ, ಕಡಕ್ ರೊಟ್ಟಿ, ಚಳಿಗಾಲದಲ್ಲಿ ಸಜ್ಜಿ ರೊಟ್ಟಿ. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಚಟ್ನಿ. ನಾಲ್ಕು ಜನ ಹೆಣ್ಣುಮಕ್ಕಳು ಕೂತು ದಿನಕ್ಕೆ ಎಂಟುನೂರು, ಒಂಬೈನೂರು ರೊಟ್ಟಿ ಬಡಿಯುತ್ತಾರೆ. ಅದರಲ್ಲಿ ಆರುನೂರರಷ್ಟು ದಿನಾ ಹಾಕಿಸಿಕೊಳ್ಳುವ ಮನೆಗಳಿಗೆ ಹೋಗುತ್ತವೆ. ಅಂಥ ಮನೆಗಳು ಸುಮಾರು 120.

ಈ 120 ಮನೆಗಳ ಲೆಕ್ಕವೆಲ್ಲ ಒಂದು ಉದ್ದನೆ ನೋಟ್‌ಬುಕ್ಕಿನಲ್ಲಿ ಇತ್ತು. ಅದಕ್ಕೆ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಬದಲಾವಣೆಯಲ್ಲಿ. ಎರಡೂ ಕೈ ಹಿಟ್ಟಿನಲ್ಲಿ ಇರುವಾಗಲೇ ಫೋನ್ ಬರುತ್ತದೆ: "ಇವತ್ ಬ್ಯಾಡ್ರಿ, ಊರಿಗೆ ಹೊಂಟೀವಿ." ಅಷ್ಟರಲ್ಲಿ ಅವರ ರೊಟ್ಟಿ ಹಂಚಿನ ಮೇಲೆ ಇರುತ್ತದೆ. ದಿನಕ್ಕೆ ನಲವತ್ತು, ಐವತ್ತು ರೊಟ್ಟಿ ಹೀಗೆ ಉಳಿಯುತ್ತಿದ್ದವು. ಬಿಸಿ ರೊಟ್ಟಿ ಉಳಿದರೆ ಮರುದಿನ ಮಾರಲು ಬರುವುದಿಲ್ಲ.

ನನ್ನ ಕಸುಬು ಕಂಪ್ಯೂಟರ್ ರಿಪೇರಿ. ವೆಬ್ ಪೇಜ್ ಕಟ್ಟುವಷ್ಟು ಕೋಡ್ ಬರುತ್ತದೆ, ಅಷ್ಟೇ. ಈಗ ಆ್ಯಪ್ ಪ್ಲೇ ಸ್ಟೋರಿನಲ್ಲಿ ಇದೆ, ದಿನಾ ಓಡುತ್ತಿದೆ, ಎರಡು ಕೆಲಸ ಮಾತ್ರ ಸಿಕ್ಕಿಹಾಕಿಕೊಂಡಿವೆ. ಇಂಥದ್ದೇ ಸಣ್ಣ ಅಂಗಡಿ ನಡೆಸುವವರಿಗೆ ಉಪಯೋಗವಾಗಲಿ ಅಂತ ಕ್ರಮವಾಗಿ ಬರೆದಿಟ್ಟಿದ್ದೇನೆ.

ಹಂತ 1: ವಾಟ್ಸಾಪ್ ಬಿಸಿನೆಸ್

ಮೊದಲು ಇದನ್ನೇ ಮಾಡಿ. ಕಾಸು ಕೊಡಬೇಕಿಲ್ಲ. ಅಂಗಡಿಗೆ ಬೇರೆ ಸಿಮ್ ತೆಗೆದುಕೊಂಡು ಅದರಲ್ಲಿ ವಾಟ್ಸಾಪ್ ಬಿಸಿನೆಸ್ ಹಾಕಿದೆ. ಕ್ಯಾಟಲಾಗ್‌ನಲ್ಲಿ ಹನ್ನೊಂದು ಪದಾರ್ಥ, ಫೋಟೊ, ದರ. ಫೋಟೊ ತೆಗೆಯುವಾಗ ಬಿಳಿ ತಟ್ಟೆಯಲ್ಲಿ ಜೋಳದ ರೊಟ್ಟಿ ಇಟ್ಟರೆ ಏನೂ ಕಾಣುವುದಿಲ್ಲ. ಗುಳೇದಗುಡ್ಡದ ಖಣದ ಬಟ್ಟೆ ಹಾಸಿ, ಕಿಟಕಿಯ ಬೆಳಕಿನಲ್ಲಿ ಇಟ್ಟು ತೆಗೆದ ಮೇಲೆ ಚೆನ್ನಾಗಿ ಬಂತು.

ದಿನಾ ಕೇಳುವ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈ ಬರೆದಿಟ್ಟೆವು. ದರ ಎಷ್ಟು, ಎಲ್ಲೆಲ್ಲಿ ತಲುಪಿಸುತ್ತೀರಿ, ಎಷ್ಟು ಹೊತ್ತಿಗೆ ಸಿಗುತ್ತದೆ. ರಾತ್ರಿ ಎಂಟರ ನಂತರ ತಾನಾಗಿ ಹೋಗುವ ಅವೇ ಮೆಸೇಜ್ ಹಾಕಿದೆವು. ಲೇಬಲ್‌ಗಳಲ್ಲಿ "ದಿನದ ಮನೆ", "ಉದ್ರಿ", "ಹೊಸಬರು" ಎಂದು ವಿಂಗಡಿಸಿದೆವು. ಇವೆಲ್ಲ ಇವತ್ತಿಗೂ ಹಾಗೇ ನಡೆಯುತ್ತಿವೆ.

ಬ್ರಾಡ್‌ಕಾಸ್ಟ್‌ನಲ್ಲಿ ಮಾತ್ರ ಎಡವಿದೆವು. ಒಂದು ಪಟ್ಟಿಗೆ 256 ಜನರನ್ನು ಸೇರಿಸಬಹುದು, ನಮಗೆ ಅದು ಧಾರಾಳ. ಆದರೆ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಹೊಸ ಸಿಮ್ ಆದ್ದರಿಂದ ಅರ್ಧ ಮನೆಗಳಲ್ಲಿ ಸೇವ್ ಆಗಿರಲಿಲ್ಲ. "ನಾಳೆ ಅಂಗಡಿ ರಜೆ" ಅಂತ ಕಳಿಸಿದ್ದು ಅವರಿಗೆ ಮುಟ್ಟಲೇ ಇಲ್ಲ. ಬೆಳಿಗ್ಗೆ ಫೋನ್ ಮೇಲೆ ಫೋನ್. ಆಮೇಲೆ ಪೊಟ್ಟಣದ ಜೊತೆ "ಈ ನಂಬರ್ ಸೇವ್ ಮಾಡಿಕೊಳ್ಳಿ" ಎಂಬ ಚೀಟಿ ಇಟ್ಟು ಸರಿಮಾಡಿದೆವು.

ವಾಟ್ಸಾಪ್‌ನಿಂದ ಆಗದೇ ಹೋದದ್ದು ಲೆಕ್ಕ. ಒಬ್ಬರು "ನಿನ್ನೆದಷ್ಟ" ಅಂತ ಬರೆಯುತ್ತಾರೆ. ಇನ್ನೊಬ್ಬರು ಸುಮ್ನೆ ಒಂದು ಹೆಬ್ಬೆರಳು ಒತ್ತುತ್ತಾರೆ. ಮತ್ತೊಬ್ಬರ ಧ್ವನಿ ಸಂದೇಶದಲ್ಲಿ ಮಗಳ ಪರೀಕ್ಷೆ, ಮಳೆ, ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಕೊನೆಗೆ "ಎಂಟು ಕಳಿಸ್ರಿ" ಅಂತ ಬರುತ್ತದೆ. ರಾತ್ರಿ ಕೂತು ಇದನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸುವುದು ಅತ್ತಿಗೆಗೆ ಮೊದಲಿಗಿಂತ ಜಾಸ್ತಿ ಕೆಲಸವಾಯಿತು.

ನನ್ನನ್ನು ಕೇಳಿದರೆ, ಐವತ್ತರೊಳಗೆ ಗಿರಾಕಿಗಳಿದ್ದರೆ ಇಲ್ಲೇ ನಿಲ್ಲಿಸಿ. ಮುಂದಿನದು ಬೇಡ.

ಹಂತ 2: ಕೊಟೇಶನ್

ಆ್ಯಪ್ ಮಾಡಿಕೊಡುವ ಒಬ್ಬರನ್ನು ಕೇಳಿದೆ. 45,000 ರೂಪಾಯಿ, ಮೇಲೆ ವರ್ಷಕ್ಕೆ ನಿರ್ವಹಣೆ ಖರ್ಚು ಬೇರೆ ಅಂದರು. ತೋರಿಸಿದ ನಮೂನೆಯಲ್ಲಿ ಸ್ಪ್ಲ್ಯಾಶ್ ಸ್ಕ್ರೀನ್, ಸ್ಲೈಡರ್, ರಿವಾರ್ಡ್ ಪಾಯಿಂಟ್, ಕೂಪನ್ ಎಲ್ಲ ಇದ್ದವು. ಕನ್ನಡ ಇರಲಿಲ್ಲ. "ನಾಳೆ ಒಟ್ಟು ಎಷ್ಟು ರೊಟ್ಟಿ" ಅಂತ ತೋರಿಸುವ ಜಾಗವೂ ಇರಲಿಲ್ಲ. ಅತ್ತಿಗೆ ನೋಡಿ, "ಇದ್ರಾಗ ನಂದೇನೈತಿ?" ಅಂದರು. ಅಲ್ಲಿಗೆ ಆ ಮಾತು ಮುಗಿಯಿತು.

ಹಂತ 3: ಪರದೆ

ವೆಬ್ ಆ್ಯಪ್ ಕಟ್ಟುವುದು ಅಂತ ನಿರ್ಧರಿಸಿದೆ. ಬ್ರೌಸರಿನಲ್ಲೂ ತೆರೆಯುತ್ತದೆ, ಬೇಕಾದರೆ ಫೋನಿಗೆ ಹಾಕಿಕೊಳ್ಳಬಹುದು. ಹಳೆಯ ಲ್ಯಾಪ್‌ಟಾಪ್, 8 ಜಿಬಿ ರ್‍ಯಾಮ್, ಸಾಕಾಯಿತು. ಡೊಮೇನ್ ವರ್ಷಕ್ಕೆ 850 ರೂಪಾಯಿ. ಹೋಸ್ಟಿಂಗ್ ಮತ್ತು ಡೇಟಾಬೇಸ್ ಗೂಗಲ್ ಕಂಪನಿಯ ಫೈರ್‌ಬೇಸ್‌ನ ಪುಕ್ಕಟೆ ಪ್ಲಾನ್‌ನಲ್ಲಿ.

ಮೊದಲ ಪರದೆಯಲ್ಲಿ ಪದಾರ್ಥಗಳ ಪಟ್ಟಿ, ಬುಟ್ಟಿ, ಹುಡುಕುವ ಪೆಟ್ಟಿಗೆ ಹಾಕಿದ್ದೆ. ಎಲ್ಲ ಆ್ಯಪ್‌ಗಳಲ್ಲೂ ಹಾಗೇ ಇರುತ್ತದಲ್ವಾ. ನಾಲ್ಕೈದು ಮನೆಯವರ ಕೈಗೆ ಕೊಟ್ಟು ಪಕ್ಕದಲ್ಲಿ ನಿಂತು ನೋಡಿದೆ. ಯಾರೂ ಹುಡುಕಲಿಲ್ಲ. ಹನ್ನೊಂದು ಪದಾರ್ಥದಲ್ಲಿ ಹುಡುಕುವುದೇನಿದೆ? ಅವರಿಗೆ ಬೇಕಾಗಿದ್ದು ಎರಡೇ. ನಾಳೆ ದಿನದಷ್ಟೇ ಸಾಕು, ಅಥವಾ ನಾಳೆ ಬೇಡ.

"ನಾಳೆ ಬ್ಯಾಡ" ಬಟನ್ನನ್ನು ನಾನು ಮೆನು ಒಳಗೆ ಇಟ್ಟಿದ್ದೆ. ಅತ್ತಿಗೆಯೇ ಹಾಗೆ ಹೇಳಿದ್ದರು. ಬೇಡ ಅನ್ನುವುದನ್ನು ಎದುರಿಗೆ ಇಟ್ಟರೆ ಎಲ್ಲರೂ ಅದನ್ನೇ ಒತ್ತುತ್ತಾರೆ, ವ್ಯಾಪಾರ ಕೆಡುತ್ತದೆ ಎಂಬ ಭಯ. ಆದರೆ ಮೆನು ಒಳಗಿನ ಬಟನ್ ಯಾರಿಗೂ ಸಿಗಲಿಲ್ಲ, ಎಲ್ಲರೂ ಮತ್ತೆ ಫೋನೇ ಮಾಡಿದರು. ಕೊನೆಗೆ ಅದನ್ನು ಮೊದಲ ಪರದೆಗೆ ತಂದು, "ದಿನದಷ್ಟ" ಬಟನ್ನಿನ ಪಕ್ಕದಲ್ಲಿ ಅಷ್ಟೇ ದೊಡ್ಡದಾಗಿ ಇಟ್ಟೆ. ಕೆಳಗೆ "ಎಷ್ಟ್ ಬೇಕ್ರಿ?" ಅಂತ ಮೂರನೆಯದು. ಬೇಡ ಅಂತ ಒತ್ತಿದರೆ "ಯಾವತ್ತಿನಿಂದ ಮತ್ತ ಬೇಕು?" ಅಂತ ತಾರೀಕು ಕೇಳುತ್ತದೆ. ಊರಿಗೆ ಹೋದವರು ವಾಪಸ್ ಬಂದ ದಿನ ರೊಟ್ಟಿ ತಾನಾಗಿ ಶುರುವಾಗುತ್ತದೆ.

ಈ ತಾರೀಕು ಕೇಳುವ ಕೆಲಸ ನನಗೆ ಗಂಟೆಯೂ ಹಿಡಿಯಲಿಲ್ಲ. ಇಡೀ ಆ್ಯಪ್‌ನಲ್ಲಿ ದುಡ್ಡು ಉಳಿಸಿದ್ದು ಇದೇ. ಹಿಂದೆ ಊರಿಗೆ ಹೋಗುತ್ತೇವೆಂದು ನಿಲ್ಲಿಸಿದವರಲ್ಲಿ ಎಷ್ಟೋ ಜನ ಮತ್ತೆ ಶುರು ಮಾಡುವುದನ್ನೇ ಮರೆಯುತ್ತಿದ್ದರು. ನಾವೂ ಕೇಳುತ್ತಿರಲಿಲ್ಲ.

ಇನ್ನು ಅಕ್ಷರದ ವಿಷಯ. ಕನ್ನಡದಲ್ಲಿ ಆ್ಯಪ್ ಮಾಡುವವರು ಗಮನಿಸಿ. ಸಾಲಿನ ಎತ್ತರ 1.2 ಇಟ್ಟಿದ್ದೆ. "ರೊಟ್ಟಿ"ಯ ಒತ್ತು, "ಚಟ್ನಿ"ಯ ಒತ್ತು ಬಟನ್ನಿನ ಕೆಳಗೆ ಅರ್ಧ ಕತ್ತರಿಸಿ ಹೋಗುತ್ತಿತ್ತು. ನನ್ನ ಫೋನಿನಲ್ಲಿ ಸರಿಯಾಗಿ ಕಾಣುತ್ತಿತ್ತು, ಅತ್ತಿಗೆಯ ಫೋನಿನಲ್ಲಿ ಇಲ್ಲ, ಯಾಕೆಂದರೆ ಅವರು ಅಕ್ಷರ ದೊಡ್ಡದು ಮಾಡಿಕೊಂಡಿದ್ದರು. ಸಾಲಿನ ಎತ್ತರ 1.6 ಮಾಡಿ, ಬಟನ್ನಿಗೆ ಕಟ್ಟುನಿಟ್ಟಿನ ಎತ್ತರ ಕೊಡುವುದನ್ನು ಬಿಟ್ಟು, ಮೇಲೆ ಕೆಳಗೆ ಜಾಗ ಬಿಟ್ಟ ಮೇಲೆ ಸರಿಹೋಯಿತು. ಫಾಂಟ್ ನೋಟೊ ಸ್ಯಾನ್ಸ್ ಕನ್ನಡ. ಅಕ್ಷರ ಕನ್ನಡದ್ದು, ಅಂಕಿ ಮಾತ್ರ 1, 2, 3. ಕನ್ನಡ ಅಂಕಿ ಹಾಕಿ ನೋಡಿದ್ದೆ, ಅವಸರದಲ್ಲಿ ೬ ಮತ್ತು ೯ ಅದಲು ಬದಲಾದವು.

ಹಂತ 4: ಲಾಗಿನ್

ಒಟಿಪಿ ಬೇಡ ಅಂತ ಬೇಗ ಗೊತ್ತಾಯಿತು. ನಾವೇ ಎಸ್ಎಂಎಸ್ ಕಳಿಸಬೇಕೆಂದರೆ ಟೆಲಿಕಾಂ ಕಂಪನಿಗಳಲ್ಲಿ ಮಾಡಿಸುವ ಡಿಎಲ್‌ಟಿ ನೋಂದಣಿ, ಹೆಡರ್, ಟೆಂಪ್ಲೇಟ್ ಅಂತ ದೊಡ್ಡ ಸುತ್ತು. ಫೈರ್‌ಬೇಸ್ ಮೂಲಕ ಕಳಿಸಬೇಕೆಂದರೆ ಕಾರ್ಡ್ ಜೋಡಿಸಿ ಹಣ ಕೊಡುವ ಪ್ಲಾನ್‌ಗೆ ಹೋಗಬೇಕು.

ಬದಲಿಗೆ ಪ್ರತಿ ಮನೆಗೂ ಬೇರೆ ಬೇರೆ ಲಿಂಕ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದೆ. ಒತ್ತಿದರೆ ನೇರ ಅವರ ಖಾತೆ. ಪಾಸ್‌ವರ್ಡ್ ಇಲ್ಲ. ಜನರಿಗೆ ಬಹಳ ಹಿಡಿಸಿತು, ಎಷ್ಟು ಹಿಡಿಸಿತೆಂದರೆ ಶಿರೂರ ಪಾರ್ಕಿನ ಒಬ್ಬ ಅಮ್ಮ ತಮ್ಮ ಲಿಂಕನ್ನು ಉಣಕಲ್ಲಿನ ತಂಗಿಗೆ ಕಳಿಸಿಬಿಟ್ಟರು. ತಂಗಿ ಒತ್ತಿದ ಹತ್ತು ರೊಟ್ಟಿ ಅಕ್ಕನ ಮನೆಗೆ ಹೋದವು, ಅಕ್ಕನ ಉದ್ರಿಗೆ ಸೇರಿದವು. ಈಗ ಮೊದಲ ಸಲ ತೆರೆದಾಗ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳುತ್ತದೆ, ಆ ಫೋನಿಗೆ ಕಟ್ಟಿಕೊಳ್ಳುತ್ತದೆ. ಬೇರೆ ಫೋನಿನಿಂದ ತೆರೆದರೆ ಅತ್ತಿಗೆ ಒಪ್ಪಬೇಕು.

ಹಂತ 5: ಐವತ್ತು ಸಾವಿರ ಓದು

ಇದು ಅತಿ ದೊಡ್ಡ ಪೆಟ್ಟು. ಫೈರ್‌ಬೇಸ್‌ನ ಡೇಟಾಬೇಸ್ ಆದ ಫೈರ್‌ಸ್ಟೋರ್‌ನ ಪುಕ್ಕಟೆ ಮಿತಿ ದಿನಕ್ಕೆ 50,000 ಓದು, 20,000 ಬರಹ. ಒಂದು ದಾಖಲೆ ತೆರೆದರೆ ಒಂದು ಓದು. ಕೇಳಲು ಬಹಳ ಅನ್ನಿಸುತ್ತದೆ. ಹಳೆಯ ನೋಟ್‌ಬುಕ್ಕಿನ ನಾಲ್ಕು ತಿಂಗಳ ಲೆಕ್ಕವನ್ನೂ ಅದರಲ್ಲಿ ತುಂಬಿಸಿದ್ದೆ. ಮನೆಗೊಂದು, ದಿನಕ್ಕೊಂದು ದಾಖಲೆಯಂತೆ ಸುಮಾರು 14,000.

ಅತ್ತಿಗೆಯ ಪರದೆಯಲ್ಲಿ "ನಾಳೆ ಒಟ್ಟು" ಅಂತ ಒಂದು ಅಂಕಿ ಇತ್ತು. ಅದನ್ನು ಲೆಕ್ಕಹಾಕಲು ನನ್ನ ಕೋಡ್ ಎಲ್ಲ 14,000 ದಾಖಲೆಗಳನ್ನೂ ಓದಿ, ಅದರಲ್ಲಿ ನಾಳೆಯದನ್ನು ಆರಿಸುತ್ತಿತ್ತು. ಪರದೆ ನಾಲ್ಕು ಸಲ ತೆರೆದರೆ 56,000. ಪರೀಕ್ಷೆ ಮಾಡುವಾಗ ಹತ್ತು ದಾಖಲೆ ಇದ್ದದ್ದರಿಂದ ಗೊತ್ತೇ ಆಗಿರಲಿಲ್ಲ.

ಸಂಜೆ ಏಳರ ಹೊತ್ತಿಗೆ ಎಲ್ಲ ನಿಂತಿತು. ಗಿರಾಕಿಗಳ ಫೋನಿನಲ್ಲಿ ಗಾಲಿ ತಿರುಗುತ್ತಲೇ ಇತ್ತು. ಈ ಮಿತಿ ಮತ್ತೆ ಸೊನ್ನೆಯಾಗುವುದು ಅಮೆರಿಕದ ಪೆಸಿಫಿಕ್ ಸಮಯದ ನಡುರಾತ್ರಿಗೆ. ಅಂದರೆ ನಮ್ಮ ಮಧ್ಯಾಹ್ನ ಹನ್ನೆರಡೂವರೆ, ಅವರ ಚಳಿಗಾಲದಲ್ಲಿ ಒಂದೂವರೆ. ಅಲ್ಲಿಯವರೆಗೆ ರೊಟ್ಟಿ ಕಾಯುತ್ತದೆಯೇ? ಆ ರಾತ್ರಿ ಅತ್ತಿಗೆ ನೋಟ್‌ಬುಕ್ ತೆಗೆದು 120 ಮನೆಗಳಿಗೂ ದಿನದಷ್ಟೇ ಅಂತ ಹಿಡಿದು ಬಡಿಸಿದರು. ಉಳಿದದ್ದನ್ನು ಕೆಲಸದವರೇ ಮನೆಗೆ ಒಯ್ದರು.

ಸರಿಮಾಡಿದ್ದು ಹೀಗೆ. ದಿನಕ್ಕೊಂದು ಮೊತ್ತದ ದಾಖಲೆ. ಯಾರಾದರೂ ಬಟನ್ ಒತ್ತಿದಾಗ ಅವರ ಸಾಲಿನ ಜೊತೆ ಈ ಮೊತ್ತವೂ ಏರುತ್ತದೆ ಅಥವಾ ಇಳಿಯುತ್ತದೆ. ಅತ್ತಿಗೆಯ ಪರದೆ ಆ ಒಂದನ್ನೇ ಓದುತ್ತದೆ. ಮನೆವಾರು ಪಟ್ಟಿ ಬೇಕಾದಾಗ ಆ ದಿನದ್ದು ಮಾತ್ರ, 120 ಓದು. ಈಗ ದಿನದ ಬಳಕೆ ಎರಡು ಸಾವಿರ ದಾಟುವುದಿಲ್ಲ. ಅದರ ಜೊತೆಗೆ ರಾತ್ರಿ ಎಂಟೂವರೆಗೆ ಪಟ್ಟಿಯನ್ನು ಅಂಗಡಿಯ ಫೋನಿನಲ್ಲಿ ಒಂದು ಫೈಲಾಗಿ ಇಳಿಸಿಕೊಳ್ಳುತ್ತೇವೆ. ನೆಟ್ ಇರಲಿ ಬಿಡಲಿ, ಬೆಳಿಗ್ಗೆ ಪಟ್ಟಿ ಕೈಯಲ್ಲಿ ಇರುತ್ತದೆ.

ಹಂತ 6: ಹಳೆಯ ದರ

ಜೋಳದ ದರ ಏರಿತು, ರೊಟ್ಟಿ ಒಂಬತ್ತರಿಂದ ಹತ್ತು ರೂಪಾಯಿ ಆಯಿತು. ಕೆಲವರ ಫೋನಿನಲ್ಲಿ ಮಾತ್ರ ಒಂಬತ್ತೇ ತೋರಿಸುತ್ತಿತ್ತು. ನೆಟ್ ಇಲ್ಲದಾಗಲೂ ಆ್ಯಪ್ ತೆರೆಯಲಿ ಅಂತ ಹಾಕಿದ್ದ ಸರ್ವಿಸ್ ವರ್ಕರ್ (ಹಿನ್ನೆಲೆಯಲ್ಲಿ ಓಡುವ ಕೋಡ್) ಹಳೆಯ ದರಪಟ್ಟಿಯನ್ನು ಹಿಡಿದುಕೊಂಡು ಕೂತಿತ್ತು. ಪರದೆಯ ಚೌಕಟ್ಟನ್ನು ಮಾತ್ರ ಫೋನಿನಲ್ಲಿ ಉಳಿಸಿಟ್ಟು, ದರವನ್ನು ಯಾವಾಗಲೂ ನೆಟ್‌ನಿಂದಲೇ ತರುವಂತೆ ಬದಲಿಸಿದೆ. ಹಳೆಯ ದರ ಕಂಡವರಿಗೆ ಆ ತಿಂಗಳು ಒಂಬತ್ತರಂತೆಯೇ ಹಿಡಿದೆವು. ಜಗಳಕ್ಕಿಂತ ಅದು ಅಗ್ಗ.

ಹಂತ 7: ದುಡ್ಡು

ಯುಪಿಐ ಲಿಂಕ್ ಬಟನ್ ಹಾಕಿದೆ. ಒತ್ತಿದರೆ ಮೊತ್ತ ತುಂಬಿದ ಪೇಮೆಂಟ್ ಆ್ಯಪ್ ತೆರೆಯಬೇಕು. ಕೆಲವು ಫೋನಿನಲ್ಲಿ ತೆರೆಯಿತು, ಕೆಲವಲ್ಲಿ ತೆರೆದು ಹಣ ಹೋಗದೆ ನಿಂತಿತು. ಹೋದರೂ ಹೋಯಿತು ಅಂತ ನಮ್ಮ ವೆಬ್ ಪುಟಕ್ಕೆ ಖಾತ್ರಿಯಾಗಿ ತಿಳಿಯುವ ದಾರಿ ಇಲ್ಲ. ಖಾತ್ರಿ ಬೇಕೆಂದರೆ ನಡುವೆ ನಿಂತು ಹಣ ವಸೂಲಿ ಮಾಡಿಕೊಡುವ ಪೇಮೆಂಟ್ ಗೇಟ್‌ವೇ ಬೇಕು. ನಾನು ವಿಚಾರಿಸಿದವರು ಶೇಕಡಾ 2, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಅಂದರು. 1,300 ರೂಪಾಯಿ ತಿಂಗಳ ಬಿಲ್ಲಿಗೆ 30 ರೂಪಾಯಿ 68 ಪೈಸೆ. ಮನೆಗೊಂದರಂತೆ ತಿಂಗಳಿಗೆ ಮೂರು ರೊಟ್ಟಿ ಹೋದ ಹಾಗೆ. ಬಿಟ್ಟೆವು.

ಈಗ ಆ್ಯಪ್‌ನಲ್ಲಿ ಬಾಕಿ ಎಷ್ಟು ಅಂತ ಕಾಣುತ್ತದೆ, ಯುಪಿಐ ಐಡಿ ಕಾಪಿ ಮಾಡುವ ಬಟನ್ ಇದೆ. ಹಣ ಬಂದದ್ದನ್ನು ಅಂಗಡಿಯ ಸೌಂಡ್ ಬಾಕ್ಸ್ ಕೂಗಿ ಹೇಳುತ್ತದೆ, ಅತ್ತಿಗೆ ಕೈಯಿಂದ ಜಮಾ ಒತ್ತುತ್ತಾರೆ. ಹಳೆಯ ಕಾಲದ ಪದ್ಧತಿ ಅನ್ನಿಸಬಹುದು. ಆದರೆ ಉದ್ರಿ ಲೆಕ್ಕ ಎರಡೂ ಕಡೆ ಒಂದೇ ಕಾಣುವುದರಿಂದ ತಿಂಗಳ ಕೊನೆಯ ವಾದ ನಿಂತಿದೆ. ನಮಗೆ ಬೇಕಾಗಿದ್ದೂ ಅದೇ.

ಹಂತ 8: ಪ್ಲೇ ಸ್ಟೋರ್

ಲಿಂಕ್ ಇದ್ದರೂ ಜನ "ಪ್ಲೇ ಸ್ಟೋರ್‌ನ್ಯಾಗ ಐತೇನ್ರಿ?" ಅಂತಲೇ ಕೇಳುತ್ತಾರೆ. ಅಲ್ಲಿ ಇದ್ದರೆ ಒಂದು ನಂಬಿಕೆ.

ವೆಬ್ ಆ್ಯಪ್ಪನ್ನೇ ಬಬಲ್‌ರ್‍ಯಾಪ್ ಎಂಬ ಉಪಕರಣದಿಂದ ಆಂಡ್ರಾಯ್ಡ್ ಪೊಟ್ಟಣವಾಗಿ ಸುತ್ತಿದೆ. ಗಾತ್ರ ಎರಡು ಎಂಬಿಯೂ ಇಲ್ಲ. ಸ್ಟೋರೇಜ್ ತುಂಬಿದ ಫೋನಿನವರಿಗೆ ಇದು ದೊಡ್ಡ ಮಾತು. ಖಾತೆಗೆ ಒಂದೇ ಸಲದ ಶುಲ್ಕ 25 ಡಾಲರ್. ಡೆಬಿಟ್ ಕಾರ್ಡಿನಲ್ಲಿ ಅಂತಾರಾಷ್ಟ್ರೀಯ ವಹಿವಾಟು ಆಫ್ ಇದ್ದದ್ದರಿಂದ ಮೊದಲು ಹೋಗಲಿಲ್ಲ, ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿದ ಮೇಲೆ ಹೋಯಿತು. ಎಲ್ಲ ಸೇರಿ 2,200ರ ಆಸುಪಾಸು ಕಡಿತವಾಯಿತು. ಐಕಾನ್ 512 ಪಿಕ್ಸೆಲ್ ಚೌಕ, ಮೇಲಿನ ಚಿತ್ರ 1024 ಗುಣಿಸು 500. ಅದೇ ಖಣದ ಮೇಲಿನ ರೊಟ್ಟಿ.

ಸಿಕ್ಕಿಹಾಕಿಕೊಂಡದ್ದು ಪರೀಕ್ಷಕರ ನಿಯಮದಲ್ಲಿ. 2023ರ ನವೆಂಬರ್ ನಂತರ ತೆರೆದ ವೈಯಕ್ತಿಕ ಖಾತೆಗಳು ಆ್ಯಪ್ ಬಿಡುವ ಮುಂಚೆ ಕ್ಲೋಸ್ಡ್ ಟೆಸ್ಟ್, ಅಂದರೆ ನಾವು ಸೇರಿಸಿದವರಿಗೆ ಮಾತ್ರ ಆ್ಯಪ್ ಕೊಟ್ಟು ಪರೀಕ್ಷೆ, ನಡೆಸಬೇಕು. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ ಅದನ್ನು 12ಕ್ಕೆ ಇಳಿಸಿದರು. ಅವರು ಸತತ 14 ದಿನ ಒಳಗಿರಬೇಕು. ಸಂಸ್ಥೆಯ ಖಾತೆಗೆ ಈ ನಿಯಮ ಇಲ್ಲ, ಆದರೆ ಅದಕ್ಕೆ ಡನ್ಸ್ ಎಂಬ, ಸಂಸ್ಥೆಗಳಿಗೆ ಕೊಡುವ ಗುರುತಿನ ನಂಬರ್ ಬೇಕು.

ಹನ್ನೆರಡು ಜನ ಎಲ್ಲಿಯ ಲೆಕ್ಕ, 120 ಮನೆ ಇವೆಯಲ್ಲ ಅಂದುಕೊಂಡೆ. ಕಷ್ಟ ಇದ್ದದ್ದು ಜೀಮೇಲ್ ಐಡಿಯಲ್ಲಿ. ತಮ್ಮ ಪ್ಲೇ ಸ್ಟೋರ್ ಯಾವ ಐಡಿಯಲ್ಲಿ ಇದೆ ಅಂತ ಬಹಳ ಜನರಿಗೆ ಗೊತ್ತಿಲ್ಲ. ಮೊಬೈಲ್ ಅಂಗಡಿಯವನು ಮಾಡಿಕೊಟ್ಟದ್ದು, ಮಗ ಮಾಡಿಕೊಟ್ಟದ್ದು. ಕೊಟ್ಟ ಐಡಿ ಒಂದು, ಫೋನಿನಲ್ಲಿ ಇದ್ದದ್ದು ಇನ್ನೊಂದು. ಒಬ್ಬರು ಪರೀಕ್ಷೆಯಿಂದ ಹೊರಬಂದಾಗ ನಮ್ಮ ಸಂಖ್ಯೆ ಹನ್ನೊಂದಕ್ಕೆ ಬಿತ್ತು, ಎಣಿಕೆ ಮತ್ತೆ ಮೊದಲಿನಿಂದ. ಎರಡನೇ ಸಲ ಪಕ್ಕದ ಬೀದಿಯ ರೂಮಿನ ಇಂಜಿನಿಯರಿಂಗ್ ಹುಡುಗರನ್ನು ಹಿಡಿದೆ. ಹದಿನೆಂಟು ಜನ ಸೇರಿಸಿದೆ, ಆರು ಜನ ಹೋದರೂ ನಡೆಯಲಿ ಅಂತ. ಕೂಲಿ ಅವರಿಗೆ ಒಂದೊಂದು ಕಟ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ. ಹಾಸ್ಟೆಲ್ ಹುಡುಗರು ಇದ್ದರೆ ನೇರ ಅಲ್ಲಿಗೇ ಹೋಗಿ.

ಆಮೇಲೆ ಇನ್ನೊಂದು. ಪ್ಲೇ ಸ್ಟೋರ್‌ನಿಂದ ಹಾಕಿದ ಆ್ಯಪ್‌ನ ಮೇಲುಗಡೆ ಬ್ರೌಸರಿನ ವಿಳಾಸ ಪಟ್ಟಿ ಕಾಣುತ್ತಿತ್ತು. ನನ್ನ ಲ್ಯಾಪ್‌ಟಾಪಿನಿಂದ ನೇರ ಹಾಕಿದಾಗ ಇರಲಿಲ್ಲ. ಆ್ಯಪ್ ಮತ್ತು ವೆಬ್‌ಸೈಟ್ ಒಬ್ಬರದ್ದೇ ಅಂತ ತೋರಿಸಲು ಅಸೆಟ್‌ಲಿಂಕ್ಸ್ ಎಂಬ ಸಣ್ಣ ಫೈಲನ್ನು ಸೈಟಿನಲ್ಲಿ ಇಡಬೇಕು. ಅದರಲ್ಲಿ ನಾನು ಆ್ಯಪ್‌ಗೆ ಡಿಜಿಟಲ್ ಸಹಿ ಹಾಕುವ ನನ್ನ ಅಪ್‌ಲೋಡ್ ಕೀಯ ಎಸ್‌ಎಚ್‌ಎ-256 ಗುರುತು ಹಾಕಿದ್ದೆ. ಆದರೆ ಗೂಗಲ್ ಪ್ಲೇ ತನ್ನ ಕೀಯಿಂದ ಮತ್ತೊಮ್ಮೆ ಸಹಿ ಮಾಡಿ ಕಳಿಸುತ್ತದೆ. ಪ್ಲೇ ಕನ್ಸೋಲಿನ ಆ್ಯಪ್ ಸೈನಿಂಗ್ ಪುಟದಲ್ಲಿರುವ ಗುರುತನ್ನೂ ಸೇರಿಸಿದ ಮೇಲೆ ಪಟ್ಟಿ ಮಾಯವಾಯಿತು.

ಡೇಟಾ ಸೇಫ್ಟಿ ಫಾರ್ಮ್, ಪ್ರೈವಸಿ ಪಾಲಿಸಿ ಪುಟ ಎರಡೂ ಬೇಕು. ಪುಟವನ್ನು ಕನ್ನಡದಲ್ಲೇ ಬರೆದೆ: ಹೆಸರು, ಫೋನ್, ಮನೆಯ ಜಾಗ, ರೊಟ್ಟಿಯ ಲೆಕ್ಕ ಇಷ್ಟೇ ಇಟ್ಟುಕೊಳ್ಳುತ್ತೇವೆ, ಯಾರಿಗೂ ಕೊಡುವುದಿಲ್ಲ. ಖಾತೆ ಅಳಿಸುವ ಬಟನ್ ಕೂಡ ಕಡ್ಡಾಯ. ಖಾತೆ ಅಳಿಸಿದರೆ ಉದ್ರಿಯೂ ಅಳಿಸಿ ಹೋಗಬಾರದಲ್ವಾ? ಬಾಕಿ ಇದ್ದವರ ಕೋರಿಕೆ ಮೊದಲು ಅತ್ತಿಗೆಯ ಪರದೆಗೆ ಬರುತ್ತದೆ, ತೀರಿದ ಮೇಲೆ ಅಳಿಯುತ್ತದೆ. ಅದನ್ನೂ ಪುಟದಲ್ಲಿ ಬರೆದಿದ್ದೇವೆ.

ಹಂತ 9: ನೋಟಿಫಿಕೇಶನ್

ಸಂಜೆ ಆರೂವರೆಗೆ "ನಾಳೆಗೆ ಎಷ್ಟ್ ರೊಟ್ಟಿ?" ಅಂತ ಒಂದು ನೋಟಿಫಿಕೇಶನ್. ಎಂಟು ಗಂಟೆಗೆ ಆರ್ಡರ್ ಬಂದ್.

ಮೊದಲು ಇದನ್ನು ಅಂಗಡಿಯ ಲ್ಯಾಪ್‌ಟಾಪಿನಿಂದ ಕಳಿಸುತ್ತಿದ್ದೆ. ಕರೆಂಟ್ ಹೋದ ದಿನ ಇಲ್ಲ. ಹಾಗಾಗಿ ಹೇಳಿದ ಹೊತ್ತಿಗೆ ನಮ್ಮ ಕೋಡನ್ನು ತನ್ನ ಸರ್ವರಿನಲ್ಲೇ ಓಡಿಸುವ ಕ್ಲೌಡ್‌ಫ್ಲೇರ್ ವರ್ಕರ್ಸ್‌ನ ಪುಕ್ಕಟೆ ಪ್ಲಾನ್‌ಗೆ ಬದಲಿಸಿದೆ. ಸಮಯ 18:30 ಅಂತ ಹಾಕಿದೆ. ಅಲ್ಲಿನ ಗಡಿಯಾರ ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದಿನ ಜಾಗತಿಕ ಸಮಯ. ಯುಟಿಸಿಯ 18:30 ಅಂದರೆ ನಮ್ಮ ಸರಿಯಾದ ನಡುರಾತ್ರಿ ಹನ್ನೆರಡು. ಅಷ್ಟೂ ಮನೆಗಳ ಫೋನ್ ಒಟ್ಟಿಗೆ ಕೂಗಿ ನಾಳೆಗೆ ಎಷ್ಟು ರೊಟ್ಟಿ ಅಂತ ಕೇಳಿದವು. ಎಚ್ಚರವಾದವರಲ್ಲಿ ಇಬ್ಬರು "ದಿನದಷ್ಟ" ಒತ್ತಿದ್ದರು, ಅವರ ತಾಳ್ಮೆ ದೊಡ್ಡದು. ಈಗ 13:00 ಅಂತ ಇದೆ.

ಅನುಮತಿ ಕೇಳುವುದೂ ಹೊತ್ತು ನೋಡಿ ಕೇಳಬೇಕು. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೆ ಗಿರಾಕಿ ಒಪ್ಪಲೇಬೇಕು. ತೆರೆದ ತಕ್ಷಣ ಕೇಳಿದಾಗ ಮುಕ್ಕಾಲು ಜನ ಬೇಡ ಅಂದರು. ಒಮ್ಮೆ ಬೇಡ ಅಂದವರಿಗೆ ಸೆಟ್ಟಿಂಗ್ಸ್ ಒಳಗೆ ಹೋಗಿ ಆನ್ ಮಾಡಿ ಅಂತ ಹೇಳಿಕೊಡುವುದು ಸಾಕುಬೇಕಾಗುತ್ತದೆ. ಈಗ ಮೊದಲ ಸಲ ಬಟನ್ ಒತ್ತಿದ ಮೇಲೆ, "ದಿನಾ ಸಂಜೆ ನೆನಪು ಮಾಡಲೇ?" ಅಂತ ಕೇಳುತ್ತೇವೆ. ಹೂಂ ಅನ್ನುವವರೇ ಜಾಸ್ತಿ. ಕೆಲವು ಫೋನುಗಳಲ್ಲಿ ಬ್ಯಾಟರಿ ಸೇವರ್ ಇದನ್ನು ತಡೆಹಿಡಿದು ರಾತ್ರಿ ಹತ್ತಕ್ಕೆ ಬಿಡುತ್ತದೆ. ಅದಕ್ಕೆ ಡೆಲಿವರಿ ಹುಡುಗನೇ ಮನೆ ಬಾಗಿಲಲ್ಲಿ ಸೆಟ್ಟಿಂಗ್ ಬದಲಿಸಿ ಕೊಟ್ಟ.

ಹಬ್ಬದ ಶುಭಾಶಯ, ಆಫರ್ ಅಂತ ಒಂದೆರಡು ಸಲ ಕಳಿಸಿ ನೋಡಿದೆವು. ಪ್ರತಿ ಸಲವೂ ಕೆಲವರು ನೋಟಿಫಿಕೇಶನ್ನನ್ನೇ ಬಂದ್ ಮಾಡಿದರು. ದಿನಕ್ಕೆ ಒಂದು, ಅದೂ ರೊಟ್ಟಿಯ ಬಗ್ಗೆ. ಅಷ್ಟೇ.

ಹಂತ 10: ಚೀಟಿ

ಮನೆವಾರು ಚೀಟಿ ಹೊಡೆಯಲು 58 ಎಂಎಂ ಬ್ಲೂಟೂತ್ ಥರ್ಮಲ್ ಪ್ರಿಂಟರ್ ತಂದೆ, 2,300 ರೂಪಾಯಿ. ಕನ್ನಡ ಕಳಿಸಿದರೆ ಬರೀ ಪ್ರಶ್ನೆಚಿಹ್ನೆ. ಅದರೊಳಗಿನ ಅಕ್ಷರಪಟ್ಟಿಯಲ್ಲಿ ಕನ್ನಡವೇ ಇಲ್ಲ. ಚೀಟಿಯನ್ನು ಚಿತ್ರವಾಗಿ ಬಿಡಿಸಿ ಕಳಿಸಿದ ಮೇಲೆ ಬಂತು. ಅಗಲ 384 ಚುಕ್ಕಿ, ಅದಕ್ಕಿಂತ ಒಂದು ಜಾಸ್ತಿಯಾದರೂ ಅಂಚು ಹೋಗುತ್ತದೆ.

ಉದ್ದದ ಹೆಸರುಗಳನ್ನು ಹನ್ನೆರಡಕ್ಕೆ ಕತ್ತರಿಸು ಅಂತ ಕೋಡಿನಲ್ಲಿ ಬರೆದಿದ್ದೆ. ಕಂಪ್ಯೂಟರ್ ಒತ್ತು, ಗುಣಿತ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸುತ್ತದೆ. "ಗುರೆಳ್ಳು ಚಟ್ನಿ" ಹೋಗಿ "ಗುರೆಳ್ಳು ಚಟ್" ಆಯಿತು. ಕತ್ತರಿಸುವುದನ್ನೇ ಬಿಟ್ಟು ಎರಡನೇ ಸಾಲಿಗೆ ಇಳಿಸಿದೆ.

ಹೊಸ ಗಿರಾಕಿಗಳಿಗೆ ಪೊಟ್ಟಣದ ಮೇಲೆ ಕ್ಯೂಆರ್ ಸ್ಟಿಕರ್. ಮೊದಲು 2 ಸೆಂಟಿಮೀಟರ್ ಮಾಡಿಸಿದ್ದೆ, 600 ರೂಪಾಯಿ. ಬಿಸಿ ರೊಟ್ಟಿಯ ಹಬೆಗೆ ಸುರುಟಿ ಬಿತ್ತು, ಉಳಿದವು ಎಣ್ಣೆಗೆ ಮಸುಕಾದವು. ಎರಡನೇ ಸಲ ವಿಳಾಸ ಚಿಕ್ಕದು ಮಾಡಿ, 3.5 ಸೆಂಟಿಮೀಟರ್ ಮಾಡಿಸಿ, ಶೇಕಡಾ 30ರಷ್ಟು ಹಾಳಾದರೂ ಓದಬಲ್ಲ ಹೆಚ್ ಮಟ್ಟದಲ್ಲಿ ಪ್ರಿಂಟ್ ಹಾಕಿಸಿದೆ. 900 ರೂಪಾಯಿ. ಪೊಟ್ಟಣಕ್ಕೆ ಅಂಟಿಸದೆ ಹೊರಗಿನ ಚೀಲಕ್ಕೆ ಅಂಟಿಸುತ್ತೇವೆ.

ಹಂತ 11: ರೋಡಿನ ಈಚೆ, ಆಚೆ

ಡೆಲಿವರಿ ಪಟ್ಟಿಯನ್ನು ಹತ್ತಿರದ ಮನೆ ಮೊದಲು ಎಂಬ ಲೆಕ್ಕದಲ್ಲಿ ಜೋಡಿಸಿದೆ. ನಕ್ಷೆಯಲ್ಲಿ ಚೆನ್ನಾಗಿಯೇ ಇತ್ತು. ಹುಡುಗ ಮೊದಲ ದಿನವೇ ಸಿಟ್ಟಾಗಿ ಬಂದ. ಹುಬ್ಬಳ್ಳಿ–ಧಾರವಾಡ ರೋಡಿನ ನಡುವೆ ಚಿಗರಿ ಬಸ್ಸಿಗೇ ಮೀಸಲಾದ ಕಾರಿಡಾರ್ ಇದೆ, ಬೇಲಿ ಇದೆ. ಎದುರಿನ ಮನೆ ಗೆರೆ ಎಳೆದರೆ ನೂರು ಮೀಟರ್, ಗಾಡಿಯಲ್ಲಿ ಮುಂದಿನ ಜಂಕ್ಷನ್‌ವರೆಗೆ ಹೋಗಿ ತಿರುಗಿ ಬರಬೇಕು. ಆ್ಯಪ್ ಅವನನ್ನು ಈಚೆ ಒಂದು, ಆಚೆ ಒಂದು ಅಂತ ಅಲೆಸಿತ್ತು. ಪ್ರತಿ ಮನೆಗೂ "ಈಚೆ", "ಆಚೆ" ಅಂತ ಗುರುತು ಹಾಕಿ, ಮೊದಲು ಒಂದು ಬದಿ ಪೂರ್ತಿ, ಆಮೇಲೆ ಇನ್ನೊಂದು ಬದಿ ಅಂತ ಮಾಡಿದೆ. ಆ ಬದಿಯೊಳಗಿನ ಕ್ರಮವನ್ನು ಹುಡುಗನೇ ಬೆರಳಿನಿಂದ ಎಳೆದು ಜೋಡಿಸುತ್ತಾನೆ. ಅವನಿಗೆ ಗೊತ್ತಿರುವಷ್ಟು ನಕ್ಷೆಗೆ ಗೊತ್ತಿಲ್ಲ.

ಖರ್ಚು

ಡೊಮೇನ್ 850, ಪ್ಲೇ ಖಾತೆ 2,200, ಪ್ರಿಂಟರ್ 2,300, ಅಂಗಡಿಗೆ ಸೆಕೆಂಡ್ ಹ್ಯಾಂಡ್ ಫೋನ್ 4,500, ಸ್ಟಿಕರ್ 900, ಹಾಳಾದ ಸ್ಟಿಕರ್ 600. ಒಟ್ಟು 11,350. ಹುಡುಗರ ರೊಟ್ಟಿ ಲೆಕ್ಕಕ್ಕೆ ಹಿಡಿದಿಲ್ಲ, ನನ್ನ ಕೂಲಿಯನ್ನೂ ಹಿಡಿದಿಲ್ಲ. ಮುಂದೆ ವರ್ಷಕ್ಕೆ ಡೊಮೇನ್ ಮತ್ತು ಪ್ರಿಂಟರ್ ರೋಲ್ ಮಾತ್ರ.

ಉಳಿಯುವ ರೊಟ್ಟಿ ಈಗ ಸಾಮಾನ್ಯವಾಗಿ ಹದಿನೈದರ ಒಳಗೆ. ಹೊಸ ಗಿರಾಕಿಗಳು ಆ್ಯಪ್ ನೋಡಿ ಬಂದದ್ದು ಕಡಿಮೆ, ಪಕ್ಕದ ಮನೆಯವರು ಹೇಳಿ ಬಂದದ್ದೇ ಜಾಸ್ತಿ. ಮೂರರಲ್ಲಿ ಒಂದು ಪಾಲು ಮನೆಗಳು ಆ್ಯಪ್ ಮುಟ್ಟುವುದೇ ಇಲ್ಲ. ಅವರು ಫೋನ್ ಮಾಡುತ್ತಾರೆ, ಅತ್ತಿಗೆ ಅವರ ಪರವಾಗಿ ಒತ್ತುತ್ತಾರೆ. ಅವರನ್ನು ಬದಲಿಸುವ ಪ್ರಯತ್ನವನ್ನು ಕೈಬಿಟ್ಟಿದ್ದೇವೆ.

ಬಾಕಿ ಉಳಿದದ್ದು

ಒಂದು, ಐಫೋನ್. ಆ್ಯಪ್ ಸ್ಟೋರ್‌ಗೆ ವರ್ಷಕ್ಕೆ 99 ಡಾಲರ್, ಇಡೀ ಆಂಡ್ರಾಯ್ಡ್ ಕೆಲಸದ ಮುಕ್ಕಾಲು ಖರ್ಚು ಪ್ರತಿ ವರ್ಷ. ಏಳೆಂಟು ಮನೆಗಳಿಗಾಗಿ ಅದು ಬೇಡ. ಸಫಾರಿಯಲ್ಲಿ ತೆರೆದು ಹೋಮ್ ಸ್ಕ್ರೀನ್‌ಗೆ ಸೇರಿಸಿದರೆ ಐಒಎಸ್ 16.4ರಿಂದ ನೋಟಿಫಿಕೇಶನ್ ಕೂಡ ಬರುತ್ತದೆ. ಸೇರಿಸದೆ ಬರೀ ಬ್ರೌಸರಿನಲ್ಲಿ ತೆರೆದರೆ ಬರುವುದಿಲ್ಲ. ಇದನ್ನು ತೋರಿಸಿಕೊಡುವ ಚಿಕ್ಕ ವಿಡಿಯೊ ಮಾಡಬೇಕು.

ಎರಡು, ಪಂಚಮಿ. ನಮ್ಮ ಕಡೆ ನಾಗರ ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಕಿಲೋಗಟ್ಟಲೆ ಹೋಗುತ್ತವೆ. ಇದಕ್ಕೆ ವಾರದ ಮುಂಚೆ ಆರ್ಡರ್ ಬೇಕು, ಮುಂಗಡ ಬೇಕು, ಬೆಲ್ಲ ಶೇಂಗಾ ತರಲು ಒಟ್ಟು ತೂಕ ಬೇಕು. ನಮ್ಮ ಆ್ಯಪ್‌ಗೆ ನಾಳೆ ಎಂಬ ಒಂದೇ ದಿನ ಗೊತ್ತು, ತೂಕ ಗೊತ್ತೇ ಇಲ್ಲ. ಕಳೆದ ಸಲ "ಎಷ್ಟ್ ಬೇಕ್ರಿ?" ಪೆಟ್ಟಿಗೆಯಲ್ಲಿ ಒಬ್ಬರು 2 ಅಂತ ಹಾಕಿದ್ದರು, ಎರಡು ಕಿಲೋ ಅಂದುಕೊಂಡು. ಅವರಿಗೆ ಎರಡು ಉಂಡಿ ಪೊಟ್ಟಣವಾಗಿ ಹೋದವು. ಈ ಸಲಕ್ಕೆ ಪಂಚಮಿಯ ಆರ್ಡರ್ ವಾಟ್ಸಾಪ್‌ನಲ್ಲೇ ತೆಗೆದುಕೊಂಡು ನೋಟ್‌ಬುಕ್ಕಿನಲ್ಲಿ ಬರೆಯುವುದು ಅಂತ ಅತ್ತಿಗೆ ಹೇಳಿದ್ದಾರೆ. ತೂಕದ ಪರದೆ ಅರ್ಧ ಬರೆದಿದ್ದೇನೆ, ಮುಂಗಡ ಹಣ ಬಂದದ್ದನ್ನು ಯಾರು ಯಾವಾಗ ಜಮಾ ಒತ್ತಬೇಕು ಎಂಬಲ್ಲಿ ನಿಂತಿದೆ.